ಪಕ್ಕದಲ್ಲೇ ಇರುವ ಫೋನಿಗೆ ಇಂಟರ್ನೆಟ್ ಯಾಕೆ?

ನಮಸ್ಕಾರ. ಇವತ್ತು ಬೀದರಿನಲ್ಲಿದ್ದೇವೆ, ಚೌಬಾರದ ಹತ್ತಿರದ ಒಂದು ಗಲ್ಲಿಯಲ್ಲಿ.

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಬಿದ್ರಿ ಕೆಲಸದ ಹೂಜಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಮೈಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಮೆಲ್ಲಗೆ ತಟ್ಟುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಎರಡನ್ನೂ ಬೆರೆಸಿ, ಬಿಸಿ ಮಾಡಿದ ಹೂಜಿಗೆ ಹಚ್ಚುತ್ತಾರೆ. ಲೋಹವೆಲ್ಲ ಕಡುಗಪ್ಪು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕೆಲಸಕ್ಕೆ 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ.

ಈಗ ಇದೇ ಫೋಟೋ ಎರಡು ಸಲ ತೋರಿಸುತ್ತೇನೆ. ಎಡಗಡೆ ಇರುವುದು ಕ್ಯಾಮೆರಾದಲ್ಲಿ ತೆಗೆದ ಹಾಗೇ ಇದೆ. ಬಲಗಡೆಯದು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಹೋಗಿ ಬಂದದ್ದು. ಜೂಮ್ ಮಾಡುತ್ತೇನೆ, ನೋಡಿ. ಎಡಗಡೆ ಬಳ್ಳಿಯ ಒಂದೊಂದು ಎಸಳೂ ಬೇರೆ ಬೇರೆ. ಬಲಗಡೆ ಎಸಳೆಲ್ಲ ಕಲಸಿಹೋಗಿವೆ. ಡೇಟಾ ಉಳಿಸಲು ಆಪ್ ಫೋಟೋವನ್ನು ಕುಗ್ಗಿಸುತ್ತದೆ, ಆಗ ಮೊದಲು ಹೋಗುವುದೇ ಇಂಥ ಸಣ್ಣ ಗೆರೆ. ಕಣ್ಣು ಕೀಲಿಸಿ ಕೂತು ಮಾಡಿದ ಕೆಲಸ, ಕಳಿಸುವಾಗ ಹಾಳಾದರೆ ಹೊಟ್ಟೆ ಉರಿಯುತ್ತದೆ.

ಶೂಟ್ ಮುಗಿದ ಮೇಲೆ ಇದನ್ನು ಮಾಡಿದವರು ಕೇಳಿದರು, 'ಈ ವಿಡಿಯೋ ನನಗೂ ಬೇಕಲ್ರಿ, ಗಿರಾಕಿಗಳಿಗೆ ತೋರಿಸಬೇಕು.' ಕೊಡಲೇಬೇಕು, ಅಲ್ವಾ? ಆದರೆ ಹೇಗೆ? ಫೋರ್‌ಕೆ ವಿಡಿಯೋ ಒಂದು ನಿಮಿಷಕ್ಕೇ ಸುಮಾರು 170ರಿಂದ 350 ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಉಳಿಯುತ್ತದೆ, 2 ಜಿಬಿ ತನಕ ಹೋಗುತ್ತದೆ, ನಿಜ. ಆದರೆ ನನ್ನ ಡೇಟಾ ಖರ್ಚು, ಅವರ ಡೇಟಾನೂ ಖರ್ಚು. ನಾವಿಬ್ಬರೂ ಒಂದೇ ಚಾಪೆ ಮೇಲೆ ಕೂತಿದ್ದೇವೆ. ಫೈಲ್ ಮಾತ್ರ ಎಲ್ಲೋ ದೂರದ ಸರ್ವರ್‌ಗೆ ಹೋಗಿ ವಾಪಸ್ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ.

ಹಿಂದೆ ನಾವೆಲ್ಲ ಬ್ಲೂಟೂತ್‌ನಲ್ಲಿ ಹಾಡು ಕಳಿಸಿದವರೇ. ಒಂದು ಹಾಡಿಗೆ ಅದು ಸಾಕು. ಆದರೆ ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್ ಆಸುಪಾಸು, 1 ಜಿಬಿ ಕಳಿಸಲು ಒಂದು ಗಂಟೆಗೂ ಜಾಸ್ತಿ ಬೇಕು. ಆಮೇಲೆ ಶೇರ್‌ಇಟ್, ಕ್ಸೆಂಡರ್ ಬಂದವು. 2020ರ ಜೂನ್‌ನಲ್ಲಿ ಭಾರತ ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿತಲ್ಲ, ಅದರಲ್ಲಿ ಇವೆರಡೂ ಹೋದವು. ಎಷ್ಟೋ ಜನ ಅಲ್ಲಿಂದ ಮತ್ತೆ ವಾಟ್ಸಾಪ್‌ಗೇ ಬಂದು ನಿಂತಿದ್ದಾರೆ.

ಅವರದೂ ಆಂಡ್ರಾಯ್ಡ್, ನನ್ನದೂ ಆಂಡ್ರಾಯ್ಡ್. ಹಾಗಾಗಿ ಹೊಸ ಆಪ್ ಏನೂ ಬೇಕಿಲ್ಲ, ಕ್ವಿಕ್ ಶೇರ್ ಫೋನಿನಲ್ಲೇ ಇದೆ. 2020ರಲ್ಲಿ ಗೂಗಲ್ ಇದನ್ನು ನಿಯರ್‌ಬೈ ಶೇರ್ ಅಂತ ತಂದಿತ್ತು, 2024ರಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಸೇರಿಸಿತು. ಪಕ್ಕದ ಫೋನ್ ಯಾವುದು ಅಂತ ಬ್ಲೂಟೂತ್ ಹುಡುಕುತ್ತದೆ. ಭಾರ ಹೊರುವುದು ವೈಫೈ. ಎರಡು ಫೋನ್ ನೇರವಾಗಿ ಮಾತಾಡುತ್ತವೆ, ನಡುವೆ ಇಂಟರ್ನೆಟ್ ಇಲ್ಲ. ವಿಡಿಯೋ ಆರಿಸಿ, ಶೇರ್ ಒತ್ತಿ, ಕ್ವಿಕ್ ಶೇರ್ ಆರಿಸಿದೆ. ಅವರ ಫೋನಿನ ಹೆಸರು ಬಂತು. ಅವರು ಅಕ್ಸೆಪ್ಟ್ ಒತ್ತಿದರು. ಚಹಾ ಬರುವುದರೊಳಗೆ ವಿಡಿಯೋ ಹೋಗಿ ಮುಟ್ಟಿತ್ತು.

ನಮ್ಮ ತಂಡದಲ್ಲೇ ಇನ್ನೊಂದು ತೊಡಕಿದೆ. ಗೆಳೆಯನ ಕೈಯಲ್ಲಿ ಐಫೋನ್, ಎಡಿಟಿಂಗ್ ನಡೆಯುವುದು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ. ಐಫೋನಿನಲ್ಲೇ ಇರುವ, ಹೀಗೇ ಫೈಲ್ ಕಳಿಸುವ ಏರ್‌ಡ್ರಾಪ್ ತುಂಬಾ ಚೆನ್ನಾಗಿದೆ, 2011ರಿಂದ ಇದೆ, ಆದರೆ ಅದು ಆಪಲ್‌ನವರ ಮನೆಯೊಳಗಿನ ವ್ಯವಹಾರ. 2025ರ ನವೆಂಬರ್‌ನಲ್ಲಿ ಗೂಗಲ್ ಪಿಕ್ಸೆಲ್ 10 ಫೋನಿನ ಕ್ವಿಕ್ ಶೇರ್‌ನಿಂದ ಏರ್‌ಡ್ರಾಪ್‌ಗೆ ದಾರಿ ತೆರೆಯಿತು. ಒಳ್ಳೆಯದೇ. ನಮ್ಮ ಹತ್ತಿರ ಇರುವ ಫೋನ್ ಅದಲ್ಲ.

ಅದಕ್ಕೆ ನಾವು ಬಳಸುವುದು ಲೋಕಲ್‌ಸೆಂಡ್. ಪುಕ್ಕಟೆ, ಓಪನ್ ಸೋರ್ಸ್, ಜಾಹೀರಾತು ಇಲ್ಲ, ಅಕೌಂಟ್ ಬೇಡ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್, ಎಲ್ಲದಕ್ಕೂ ಸಿಗುತ್ತದೆ. ಎಲ್ಲ ಸಾಧನಗಳೂ ಒಂದೇ ವೈಫೈನಲ್ಲಿ ಇರಬೇಕು, ಅಷ್ಟೇ. ಆಪ್ ತೆರೆದರೆ ಪ್ರತಿ ಸಾಧನಕ್ಕೂ ಒಂದು ಹಣ್ಣಿನ ಹೆಸರು, ಕ್ಯೂಟ್ ಮ್ಯಾಂಗೋ ಅಂತೆಲ್ಲ. ಆ ಹೆಸರು ಮುಟ್ಟಿ, ಫೈಲ್ ಕಳಿಸಿ. ಹೋಗುವ ದಾರಿಯಲ್ಲಿ ಅದು ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಬೇರೆಯವರು ತೆರೆದು ನೋಡಲಾಗದ ಹಾಗೆ ಹೋಗುತ್ತದೆ.

ಮಧ್ಯಾಹ್ನ ಇಲ್ಲಿದ್ದೆವು ನೋಡಿ, ಮಹಮೂದ್ ಗವಾನ್ ಮದರಸಾ, 1472ರದ್ದು. ಗೋಡೆ ಮೇಲೆ ಉಳಿದಿರುವ ಆ ನೀಲಿ ಹೆಂಚುಗಳನ್ನು ಇಬ್ಬರೂ ಬೇರೆ ಬೇರೆ ಕಡೆಯಿಂದ ಶೂಟ್ ಮಾಡಿದೆವು. ಅಲ್ಲಿ ವೈಫೈ ಎಲ್ಲಿಂದ ತರುವುದು? ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿದೆ, ಮೊಬೈಲ್ ಡೇಟಾ ಆಫ್ ಮಾಡಿದೆ. ಹಾಟ್‌ಸ್ಪಾಟ್ ಅಂದರೆ ಇಂಟರ್ನೆಟ್ ಹಂಚುವುದು ಅಂತಲೇ ತುಂಬಾ ಜನ ತಿಳಿದಿದ್ದಾರೆ. ಡೇಟಾ ಆಫ್ ಇದ್ದರೂ ಅದು ಒಂದು ಸಣ್ಣ ವೈಫೈ ನೆಟ್‌ವರ್ಕ್ ಕಟ್ಟಿಕೊಡುತ್ತದೆ. ಐಫೋನ್ ಹಾಟ್‌ಸ್ಪಾಟ್‌ಗೆ ಮೊಬೈಲ್ ಡೇಟಾ ಆನ್ ಇರಲೇಬೇಕು, ಆದ್ದರಿಂದ ಈ ಕೆಲಸವನ್ನು ಆಂಡ್ರಾಯ್ಡ್ ಫೋನಿಗೇ ಬಿಡಿ. ಗೆಳೆಯನ ಫೋನ್, ಲ್ಯಾಪ್‌ಟಾಪ್ ಎರಡೂ ಅದಕ್ಕೇ ಸೇರಿದವು. ಮರದ ನೆರಳಲ್ಲಿ ಕೂತೇ ಎಲ್ಲ ಫೂಟೇಜ್ ಲ್ಯಾಪ್‌ಟಾಪ್ ಸೇರಿತು.

ಒಂದಕ್ಕೊಂದು ಕಾಣಿಸದೇ ಹೋದರೆ ಎರಡು ಕಡೆ ನೋಡಿ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್ ಪಬ್ಲಿಕ್ ಅಂತ ಇದ್ದರೆ ಫೈರ್‌ವಾಲ್ ತಡೆಯಬಹುದು. ನಿಮ್ಮದೇ ಹಾಟ್‌ಸ್ಪಾಟ್ ಆಗಿದ್ದರೆ ಪ್ರೈವೇಟ್ ಅಂತ ಬದಲಿಸಿ. ಐಫೋನ್‌ನಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಕೊಡಬೇಕು, ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿದೆ. ಲಾಡ್ಜ್ ವೈಫೈನಲ್ಲಿ ಎಷ್ಟು ಒದ್ದಾಡಿದರೂ ಕಾಣಿಸದೇ ಇರಬಹುದು. ಒಬ್ಬರ ಫೋನ್ ಇನ್ನೊಬ್ಬರಿಗೆ ಸಿಗದಿರಲಿ ಅಂತ ಅಲ್ಲಿ ಬೇಕೆಂದೇ ಬೇರ್ಪಡಿಸಿರುತ್ತಾರೆ. ಅಂಥ ಕಡೆಯೂ ನಿಮ್ಮ ಹಾಟ್‌ಸ್ಪಾಟ್ ಹಾಕಿಕೊಳ್ಳಿ.

ಬಸ್ ಸ್ಟ್ಯಾಂಡ್, ಜಾತ್ರೆ ಅಂಥ ಗದ್ದಲದಲ್ಲಿ ಒಂದು ಎಚ್ಚರ ಇರಲಿ. ಕ್ವಿಕ್ ಶೇರ್, ಏರ್‌ಡ್ರಾಪ್ ಎರಡರಲ್ಲೂ 'ಎವ್ರಿವನ್' ಅಂತ ಇಟ್ಟುಕೊಂಡು ಓಡಾಡಬೇಡಿ. ಗುರುತಿಲ್ಲದ ಹೆಸರಿನಿಂದ ಏನಾದರೂ ಬಂದರೆ ಡಿಕ್ಲೈನ್.

ಇನ್ನೊಂದು, ಕಳಿಸಿದ ತಕ್ಷಣ ಎದ್ದು ಹೋಗಬೇಡಿ. ಆ ಬಿದ್ರಿ ಕೆಲಸದವರ ಗ್ಯಾಲರಿಯಲ್ಲಿ ಮೊದಲು ವಿಡಿಯೋ ಕಾಣಲೇ ಇಲ್ಲ. ಹೋಗಿ ಕೂತಿದ್ದದ್ದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ. ಅಲ್ಲಿಂದ ತೆರೆದು, ಅವರ ಕೈಯಲ್ಲೇ ಒಮ್ಮೆ ಪ್ಲೇ ಮಾಡಿಸಿ, ಆಮೇಲೆ ಹೊರಟೆವು.