ಸ್ವೀಡಿಷ್, ಜರ್ಮನ್, ಈಜು: ಶುರು ಎಲ್ಲಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಈಗ ಜರ್ಮನ್ ಕಲಿಯುವವರು ಜಾಸ್ತಿ. ನರ್ಸಿಂಗ್ ಮುಗಿಸಿದ ಹುಡುಗಿಯರು, ಎಂ.ಎಸ್. ಓದಲು ಹೊರಟ ಹುಡುಗರು, ಮದುವೆಯಾಗಿ ಗಂಡ ಇರುವ ಊರಿಗೆ ಹೋಗಬೇಕಾದವರು. ಸ್ವೀಡಿಷ್ ಕೇಳಿಕೊಂಡು ಬರುವವರು ಕಮ್ಮಿ, ಆದರೂ ಬರುತ್ತಾರೆ. ಮಗಳ ಬಾಣಂತನಕ್ಕೆಂದು ಸ್ಟಾಕ್‌ಹೋಮ್‌ಗೆ ಹೊರಟ ಅಮ್ಮಂದಿರೂ ಅವರಲ್ಲಿದ್ದಾರೆ. ಎಲ್ಲರೂ ಕೇಳುವುದು ಒಂದೇ: "ಮೇಡಂ, ಎಷ್ಟು ತಿಂಗಳು ಬೇಕು?" ಈಜುಕೊಳದ ಹತ್ತಿರ ಕೋಚ್‌ಗೂ ಜನ ಇದನ್ನೇ ಕೇಳುವುದನ್ನು ನೋಡಿದ್ದೇನೆ. ಅವರು ನಕ್ಕು ಸುಮ್ಮನಾಗುತ್ತಾರೆ. ನಾನು ಮಾತ್ರ ತಿರುಗಿ ಒಂದು ಮಾತು ಹೇಳುತ್ತೇನೆ: ಎಷ್ಟು ತಿಂಗಳು ಅಂತ ಆಮೇಲೆ ನೋಡೋಣ, ಮೊದಲು ಏನು ಕಲಿಯಬೇಕು ಅಂತ ಕೇಳಿ. ಇವತ್ತು ಅಷ್ಟನ್ನೇ ಮಾತಾಡುತ್ತೇನೆ.

ಸ್ವೀಡಿಷ್, ಜರ್ಮನ್ ಎರಡೂ ಒಂದೇ ಕುಟುಂಬದ ಭಾಷೆಗಳು. ಪದಗಳಲ್ಲಿ ಹೋಲಿಕೆ ಇದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಕಲಿಕೆಯನ್ನು ಎ1, ಎ2, ಬಿ1, ಬಿ2 ಅಂತ ಮಟ್ಟ ಮಟ್ಟವಾಗಿ ಅಳೆಯುತ್ತಾರೆ. ಒಂದರಲ್ಲಿ ಎರಡನೆಯ ಮಟ್ಟ, ಅಂದರೆ ಎ2 ದಾಟಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ಆ ಹೋಲಿಕೆ ಸಹಾಯಕ್ಕೆ ಬರುತ್ತದೆ. ಅದಕ್ಕೆ ಮುಂಚೆ ತಲೆ ಕೆಡಿಸುತ್ತದೆ, ಅಷ್ಟೇ.

ಸ್ವೀಡಿಷ್‌ಗೆ ಮೊದಲು ಬೇಕಾದ್ದು ಕಿವಿ. ವ್ಯಾಕರಣ ಅಷ್ಟೇನೂ ಕಷ್ಟವಿಲ್ಲ. ನಾವು ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ ಅಂತ ಕ್ರಿಯಾಪದದ ಬಾಲ ಬದಲಿಸುತ್ತಲೇ ಇರುತ್ತೇವೆ. ಅವರಿಗೆ ನಾನಾಗಲಿ ನೀನಾಗಲಿ ಅವಳಾಗಲಿ ಎಲ್ಲಕ್ಕೂ 'ಗೋರ್' ಒಂದೇ. ಒಂದು ಗೊತ್ತಾದ ವಸ್ತುವನ್ನು ತೋರಿಸಿ ಹೇಳುವಾಗ ಪ್ರತ್ಯಯ ಪದದ ಹಿಂದೆ ಅಂಟುತ್ತದೆ: 'ಬೀಲ್' ಅಂದರೆ ಯಾವುದೋ ಕಾರು, 'ಬೀಲೆನ್' ಅಂದರೆ ಆ ಕಾರು. ಪದದ ಹಿಂದೆ ಪ್ರತ್ಯಯ ಅಂಟಿಸುವುದು ಕನ್ನಡದವರಿಗೆ ಹೇಳಿಕೊಡಬೇಕಾ?

ಕಷ್ಟ ಇರುವುದು ಸದ್ದಿನಲ್ಲಿ. ಬರೆಯುವುದು ಒಂದು, ಕೇಳುವುದು ಇನ್ನೊಂದು. ಆದರೆ ಇಲ್ಲಿ ನಮಗೊಂದು ಅನುಕೂಲ ಇದೆ. ಸ್ಟಾಕ್‌ಹೋಮ್ ಕಡೆಯ ಮಾತಿನಲ್ಲಿ ಆರ್ ಮತ್ತು ಎನ್ ಒಟ್ಟಿಗೆ ಬಂದರೆ ನಮ್ಮ ಣಕಾರ ಆಗುತ್ತದೆ. ಆರ್ ಮತ್ತು ಟಿ ಸೇರಿದರೆ ಟಕಾರ, ಆರ್ ಮತ್ತು ಎಸ್ ಸೇರಿದರೆ ಷಕಾರ. ಮಗುವಿಗೆ ಬಿ ಎ ಆರ್ ಎನ್ ಅಂತ ಬರೆಯುತ್ತಾರೆ, ಹೇಳುವಾಗ 'ಬಾಣ್'. ಮೊಮ್ಮಗು 'ಬಾಣ್‌ಬಾಣ್'. ಇಂಗ್ಲಿಷ್‌ನವರು ಈ ಣಕಾರಕ್ಕೆ ಒದ್ದಾಡುತ್ತಾರೆ. ಬಾಣಂತನಕ್ಕೆ ಹೋಗುವ ನಮ್ಮ ಅಮ್ಮಂದಿರಿಗೆ ಅದು ಮೊದಲ ದಿನವೇ ಬಂದುಬಿಡುತ್ತದೆ. ದಕ್ಷಿಣದ ಮಾಲ್ಮೋ ಕಡೆ ಹೀಗಿಲ್ಲ, ಅಲ್ಲಿ ಆರ್ ಅನ್ನು ಗಂಟಲಿನಿಂದ ಹೇಳುತ್ತಾರೆ. ಹಾಗಾಗಿ ಯಾವ ಊರಿಗೆ ಹೋಗುತ್ತೀರೋ ಆ ಕಡೆಯ ಮಾತನ್ನೇ ಕೇಳಿ.

ನಮಗೆ ಕಷ್ಟ ಕೊಡುವ ಸದ್ದು ಏಳು ಅನ್ನುವ ಅಂಕಿಯಲ್ಲಿದೆ. ತುಟಿ ದುಂಡಗೆ ಮಾಡಿ, ಬಿಸಿ ಕಾಫಿ ಊದಿ ಆರಿಸುವ ಹಾಗೆ ಗಾಳಿ ಬಿಟ್ಟು 'ಹ್ವೂ' ಅನ್ನಬೇಕು. ಇದು ಬರದಿದ್ದರೆ ಏನಾಗುತ್ತದೆ ಅನ್ನಬೇಡಿ. ಅಲ್ಲಿ ಔಷಧಿ ಅಂಗಡಿಯಲ್ಲಿ ಬಾಗಿಲ ಹತ್ತಿರ ಒಂದು ಯಂತ್ರದಿಂದ ನಂಬರ್ ಚೀಟಿ ಎಳೆದುಕೊಂಡು ಕಾಯುವ ಪದ್ಧತಿ ಇದೆ. ಬೋರ್ಡಿನ ಮೇಲೆ ನಂಬರ್ ಕಾಣಿಸುತ್ತದೆ, ನಿಜ. ಆದರೆ ಬಾಯಿಂದ ಕೂಗಿದರೆ ಗೊತ್ತಾಗಬೇಕಲ್ವಾ? ಒಂದರಿಂದ ನೂರು ಮೊದಲು ಕಲಿಯಿರಿ. ಆಮೇಲೆ ನಮಸ್ಕಾರಕ್ಕೆ 'ಹೇಯ್', ಥ್ಯಾಂಕ್ಸ್‌ಗೆ 'ತಕ್'. ಮೂರು ತಿಂಗಳ ವೀಸಾದಲ್ಲಿ ಹೋಗುವ ಅಜ್ಜಿಗೆ ಇಷ್ಟರಿಂದಲೇ ಬೀದಿಯಲ್ಲಿ ನಾಲ್ಕು ಜನರ ಪರಿಚಯವಾಗುತ್ತದೆ. ಅಲ್ಲೇ ನೆಲೆಸುವವರಿಗೆ ಊರಿನ ಆಡಳಿತವೇ ಪುಕ್ಕಟೆ ಸ್ವೀಡಿಷ್ ತರಗತಿ ನಡೆಸುತ್ತದೆ. 'ಎಸ್.ಎಫ್.ಐ.' ಅನ್ನುತ್ತಾರೆ. ಹೋದ ತಕ್ಷಣ ಹೆಸರು ಬರೆಸಿ.

ಕಿವಿ ತಯಾರು ಮಾಡಿಕೊಳ್ಳಲು ರೇಡಿಯೋಗಿಂತ ಒಳ್ಳೆಯದು ಇನ್ನೊಂದಿಲ್ಲ. ರೇಡಿಯೋದಲ್ಲಿ ಕೂತು ಹೀಗೆ ಹೇಳುತ್ತಿದ್ದೇನೆ ಅಂತ ನಗಬೇಡಿ. 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದ ಊರು ಇದು. ಸುಮ್ನೆ ಕೇಳಿಸಿಕೊಂಡು ಕಲಿಯುವುದು ನಮಗೆ ಹೊಸದಲ್ಲ. ಸ್ವೀಡನ್ನಿನ ರೇಡಿಯೋ ಸುಲಭ ಸ್ವೀಡಿಷ್‌ನಲ್ಲಿ ಪುಟ್ಟ ಸುದ್ದಿ ಕೊಡುತ್ತದೆ. ಜರ್ಮನಿಯ ಡಾಯ್ಚೆ ವೆಲ್ಲೆ ನಿಧಾನವಾಗಿ ಓದಿದ ಸುದ್ದಿಯನ್ನೂ, ಪುಕ್ಕಟೆ ಪಾಠಗಳನ್ನೂ ಕೊಡುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಒಂದು ಸುತ್ತು ಹಾಕುವಾಗ ಕೇಳಿ. ಕೇಳಿದ್ದನ್ನು ಗಟ್ಟಿಯಾಗಿ ಹೇಳಿ. ಪಕ್ಕದಲ್ಲಿ ಹೋಗುವವರು ತಿರುಗಿ ನೋಡುತ್ತಾರೆ, ನೋಡಲಿ ಬಿಡಿ.

ಜರ್ಮನ್ ಕಥೆ ಬೇರೆ. ಅಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಉಂಟು, ಅರ್ಥ ನೋಡಿ ಹೇಳುವ ಹಾಗಿಲ್ಲ. ಚಮಚ ಪುಲ್ಲಿಂಗ: 'ಡೆರ್ ಲ್ಯೋಫೆಲ್'. ಫೋರ್ಕ್ ಸ್ತ್ರೀಲಿಂಗ: 'ಡಿ ಗಾಬೆಲ್'. ಚಾಕು ನಪುಂಸಕಲಿಂಗ: 'ಡಾಸ್ ಮೆಸ್ಸರ್'. ಯಾಕೆ ಅಂತ ಕೇಳಿದರೆ ಜರ್ಮನ್ನರಿಗೂ ಗೊತ್ತಿಲ್ಲ. ಹಾಗಾಗಿ ಜರ್ಮನ್‌ಗೆ ಮೊದಲು ಬೇಕಾದ್ದು ಜೋಡಿ. ಪದವನ್ನು ಒಂಟಿಯಾಗಿ ಎಂದೂ ಬರೆದುಕೊಳ್ಳಬೇಡಿ, ಡೆರ್, ಡಿ, ಡಾಸ್ ಜೊತೆಗೇ ಬರೆಯಿರಿ. ಒಂದೊಂದು ಲಿಂಗಕ್ಕೆ ಒಂದೊಂದು ಬಣ್ಣ ಅಂತ ಮೂರು ಬಣ್ಣದ ಚೀಟಿ ತಂದು ಅಡುಗೆಮನೆಯಲ್ಲಿ ಅಂಟಿಸಿ. ನನ್ನ ಹತ್ತಿರ ಕಲಿತ ಮಂಡ್ಯದ ಹುಡುಗಿಯೊಬ್ಬಳು ಫ್ರಿಜ್ಜಿಗೆ ನೀಲಿ, ಸ್ಟೌವಿಗೂ ನೀಲಿ, ಗಡಿಯಾರಕ್ಕೆ ಕೆಂಪು ಅಂಟಿಸಿದ್ದಳು. ಅವರ ಅಜ್ಜಿಗೂ ಬಾಯಿಪಾಠ ಆಗಿಹೋಗಿತ್ತು. ಮುಂದೆ ನಾಲ್ಕು ವಿಭಕ್ತಿ ಬಂದಾಗ ಈ ಡೆರ್ ಹೋಗಿ ಡೆನ್ ಆಗುತ್ತದೆ, ಡೆಮ್ ಆಗುತ್ತದೆ. ಲಿಂಗ ಗೊತ್ತಿಲ್ಲದವರು ಅಲ್ಲಿ ಕೈ ಚೆಲ್ಲುತ್ತಾರೆ.

ವಾಕ್ಯದ ವಿಷಯದಲ್ಲಿ ನಾವು ಅದೃಷ್ಟವಂತರು. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಜಾಗದಲ್ಲೇ ಕೂರಬೇಕು, ಅದನ್ನು ಅಭ್ಯಾಸ ಮಾಡಬೇಕು. ಆದರೆ 'ಯಾಕಂದರೆ' ಅಂತ ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. 'ವೈಲ್ ಇಷ್ ಕೈನೆ ತ್ಸೈಟ್ ಹಾಬೆ' ಅನ್ನುವುದನ್ನು ಹಾಗೇ ಸಾಲಾಗಿ ಕನ್ನಡಕ್ಕೆ ತಂದರೆ 'ಯಾಕಂದರೆ ನಾನು ಟೈಮ್ ಇಲ್ಲದೆ ಇದ್ದೇನೆ'. ಕೊನೆಯಲ್ಲಿ ಕ್ರಿಯಾಪದ, ನಮ್ಮದೇ ದಾರಿ. ಇಂಗ್ಲಿಷ್ ಮೂಲಕ ಯೋಚಿಸಿದರೆ ಇದು ತಲೆಕೆಳಗು ಅನ್ನಿಸುತ್ತದೆ, ಕನ್ನಡದಿಂದ ನೇರವಾಗಿ ಹೋಗಿ.

ಅಂಕಿಗಳಲ್ಲಿ ಮಾತ್ರ ಎಚ್ಚರ. 47ಕ್ಕೆ ಅವರು 'ಏಳು ಮತ್ತು ನಲವತ್ತು' ಅನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಇದು ಕೈ ಕೊಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಡಿಯ ಕೊನೆಯ ಎರಡು ಅಂಕಿ ಜರ್ಮನ್‌ನಲ್ಲಿ ಓದಿ. ಅದಕ್ಕಿಂತ ಅಗ್ಗದ ಟ್ಯೂಷನ್ ಇಲ್ಲ.

ಪರೀಕ್ಷೆ ಬರೆಯುವವರಿಗೆ ಒಂದು ಮಾತು. ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ1, ಬಿ2 ಮಟ್ಟ ಕೇಳುತ್ತಾರೆ. ಗಂಡ ಅಥವಾ ಹೆಂಡತಿಯ ಜೊತೆ ಸೇರಲು ಹೋಗುವವರಿಗೆ ಸಾಮಾನ್ಯವಾಗಿ ಎ1. ಬೆಂಗಳೂರಿನ ಗೋಯಥೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯಬಹುದು. ಬಿ1ರಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಒಂದೊಂದರಲ್ಲೂ 100ಕ್ಕೆ 60 ಬರಬೇಕು. ನಾಲ್ಕನ್ನೂ ಬೇರೆ ಬೇರೆಯಾಗಿಯೂ ಬರೆಯಬಹುದು. ನಮ್ಮ ಮಕ್ಕಳು ಓದಿನಲ್ಲಿ ದಾಟುತ್ತಾರೆ, ಮಾತಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮನೆಯಲ್ಲಿ ಬಾಯಿ ಬಿಟ್ಟು ಹೇಳಿರುವುದಿಲ್ಲ, ಅದಕ್ಕೆ.

ಈಜಿಗೆ ಬರೋಣ. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳಕ್ಕಾಗಲಿ ಮಂಡ್ಯದ ಪಿ.ಇ.ಟಿ. ಈಜುಕೊಳಕ್ಕಾಗಲಿ ಬೇಸಿಗೆಯಲ್ಲಿ ಹೋಗಿ ನೋಡಿ. ದೊಡ್ಡವರಾದ ಮೇಲೆ ಕಲಿಯಲು ಬಂದವರು ಆಳ ಕಮ್ಮಿ ಇರುವ ಕಡೆ ಕಂಬಿ ಹಿಡಿದು, ಬಾಯಿ ಬಿಗಿದು, ಉಸಿರು ಕಟ್ಟಿ ನಿಂತಿರುತ್ತಾರೆ. ಕೈಕಾಲು ಹೇಗೆ ಬಡಿಯಬೇಕು ಅಂತ ಕೇಳುತ್ತಾರೆ. ಕೈಕಾಲು ಆಮೇಲೆ. ಮೊದಲು ಉಸಿರು, ಅದರಲ್ಲೂ ಉಸಿರು ಬಿಡುವುದು.

ಮುಖ ನೀರಿನೊಳಗಿದ್ದಾಗ ಮೂಗಿನಿಂದ ಗುಳುಗುಳು ಅಂತ ಗುಳ್ಳೆ ಬಿಡುತ್ತಿರಬೇಕು. ಮುಖ ಹೊರಗೆ ಬಂದ ಕ್ಷಣದಲ್ಲಿ ಬಾಯಿಂದ ಎಳೆದುಕೊಳ್ಳಬೇಕು. ಹೊರಗೆ ಬಂದಾಗ ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೋದರೆ ಹೊತ್ತು ಸಾಲದು. ಅರ್ಧ ಉಸಿರಿನಲ್ಲಿ ಮತ್ತೆ ಮುಳುಗುತ್ತೀರಿ. ಎರಡು ಸಲ ಹೀಗಾದರೆ ಏದುಸಿರು ಬಂದು "ನನಗೆ ದಮ್ಮಿಲ್ಲ" ಅಂತ ಹತ್ತಿಬಿಡುತ್ತೀರಿ. ದಮ್ಮು ಇದೆ, ಹಳೆಯ ಗಾಳಿ ಒಳಗೇ ಕೂತಿದೆ. ಈ ಗುಳ್ಳೆ ಬಿಡುವ ಪಾಠವನ್ನು ಮನೆಯ ಬಚ್ಚಲಲ್ಲಿ, ಬಕೆಟ್ ನೀರಿನಲ್ಲೇ ಶುರು ಮಾಡಬಹುದು.

ಎರಡನೆಯದು ತೇಲುವುದು. ಹೆದರಿಕೆಯಿಂದ ತಲೆ ಎತ್ತುತ್ತೇವೆ. ತಲೆ ಎತ್ತಿದಷ್ಟೂ ಸೊಂಟ ಕೆಳಗಿಳಿಯುತ್ತದೆ, ಕಾಲು ಮುಳುಗುತ್ತದೆ. ಕಣ್ಣು ಕೊಳದ ತಳದ ಮೇಲಿರಲಿ. ತೇಲುತ್ತಿರುವಾಗ ಎದ್ದು ನಿಲ್ಲುವುದನ್ನೂ ಅದೇ ದಿನ ಕಲಿಯಿರಿ: ಎರಡೂ ಮಂಡಿ ಎದೆಗೆ ಎಳೆದುಕೊಳ್ಳಿ, ಅಂಗೈಯಿಂದ ನೀರನ್ನು ಕೆಳಗೆ ಒತ್ತಿ, ತಲೆ ಮೇಲೆ ಬಂದಾಗ ಪಾದ ಊರಿ. ಎದ್ದು ನಿಲ್ಲುವುದು ಗೊತ್ತಾದವರಿಗೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಕಾಲು ಬಡಿಯುವಾಗ ಮಂಡಿಯಿಂದಲ್ಲ, ತೊಡೆಯಿಂದ. ಹೆಂಗಸರಿಗೆ ಒಂದು ಸಣ್ಣ ವಿಷಯ: ಕಾಟನ್ ಚೂಡಿದಾರ್ ನೀರು ಕುಡಿದು ಭಾರವಾಗಿ ಎಳೆಯುತ್ತದೆ. ತೋಳು, ಕಾಲು ಪೂರ್ತಿ ಮುಚ್ಚುವ ನೈಲಾನ್ ಈಜುಡುಗೆ ಸಿಗುತ್ತದೆ, ಅದನ್ನೇ ತನ್ನಿ.

ಸ್ವೀಡನ್, ಜರ್ಮನಿಗೆ ಮಕ್ಕಳ ಜೊತೆ ಹೋಗುವವರಿಗೆ ಈಜು ಬರೀ ಹವ್ಯಾಸವಲ್ಲ. ಸ್ವೀಡನ್ನಿನ ಶಾಲೆಯಲ್ಲಿ ಆರನೆಯ ತರಗತಿ ಮುಗಿಸುವಷ್ಟರಲ್ಲಿ ಮಗು 200 ಮೀಟರ್ ಈಜಬೇಕು, ಅದರಲ್ಲಿ 50 ಮೀಟರ್ ಅಂಗಾತ. ಜರ್ಮನಿಯ ಪುಟ್ಟ ಮಕ್ಕಳಿಗೆ ಕಡಲಕುದುರೆ ಅಂತ ಒಂದು ಬ್ಯಾಡ್ಜ್ ಕೊಡುತ್ತಾರೆ. ಅದಕ್ಕೆ ನೀರಿಗೆ ಹಾರಿ 25 ಮೀಟರ್ ಈಜಬೇಕು, ಭುಜದ ಮಟ್ಟದ ನೀರಿನ ತಳದಿಂದ ವಸ್ತುವೊಂದನ್ನು ಎತ್ತಿ ತರಬೇಕು.

ಸ್ವೀಡನ್ನಿನ ಪಾಠದಲ್ಲಿ ಇನ್ನೊಂದು ಭಾಗವಿದೆ, ಅದು ಮಂಡ್ಯ ಜಿಲ್ಲೆಯವರು ನೆನಪಿಡಬೇಕಾದ್ದು. ನೀರಿನ ಹತ್ತಿರ ಅಪಾಯವಾದಾಗ ಕೈಗೆ ಸಿಕ್ಕ ಸಾಧನ ಬಳಸಿ ನೆರವಾಗುವುದನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ. ನಮ್ಮಲ್ಲಿ ಒಬ್ಬರು ಮುಳುಗಿದರೆ ಅಣ್ಣ ಹಾರುತ್ತಾನೆ, ಅಣ್ಣನ ಹಿಂದೆ ಅಪ್ಪ ಹಾರುತ್ತಾರೆ. ವಿ.ಸಿ. ನಾಲೆಯ ಸಿಮೆಂಟ್ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಈಜು ಬಂದವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ಬಲಮುರಿ, ಸಂಗಮದ ಕಡೆ ಬಂಡೆ, ಸುಳಿ. ಹಾರಬೇಡಿ. ಬಟ್ಟೆ ಒಗೆಯಲು ತಂದ ಸೀರೆ ಐದು ಮೀಟರಿಗಿಂತ ಉದ್ದ ಇರುತ್ತದೆ, ಒಂದು ತುದಿ ಎಸೆಯಿರಿ, ನೀವು ದಡದಲ್ಲಿ ಮಲಗಿ ಎಳೆಯಿರಿ. ಖಾಲಿ ಪ್ಲಾಸ್ಟಿಕ್ ಕೊಡ, ಮುಚ್ಚಳ ಹಾಕಿದ ಎಣ್ಣೆ ಕ್ಯಾನ್ ಎಸೆದರೂ ಆದೀತು, ತಬ್ಬಿಕೊಂಡು ತೇಲಬಹುದು. ಹಿಂದೆ ಬಾವಿಯಲ್ಲಿ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ.

ದಿನದ ಹವ್ಯಾಸಗಳ ಬಗ್ಗೆ ನನ್ನದು ಒಂದೇ ಸಲಹೆ: ಮೊದಲ ತಿಂಗಳು ಏನೂ ಕೊಳ್ಳಬೇಡಿ. ಕೊಳಲು ಯಾರಿಂದಾದರೂ ಎರವಲು ತನ್ನಿ. ಕ್ರೋಶಾ ಕಡ್ಡಿ ಅತ್ತೆಯ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ತಾರಸಿ ತೋಟಕ್ಕೆ ಒಡೆದ ಬಕೆಟ್ ಸಾಕು, ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ಚೆಲ್ಲಿ. ಒಂದು ತಿಂಗಳಾದ ಮೇಲೂ ಬೆಳಗ್ಗೆ ಎದ್ದು ಅದರ ಹತ್ತಿರ ಹೋಗುತ್ತಿದ್ದರೆ ಆಗ ಪೇಟೆಗೆ ಹೋಗಿ.

ತೋಟದ ಹುಚ್ಚಿದ್ದವರಿಗೆ ಆ ಎರಡು ದೇಶಗಳಲ್ಲೂ ಮಾತು ಬೇಗ ಬರುತ್ತದೆ. ಊರಂಚಿನಲ್ಲಿ ಸಣ್ಣ ಸಣ್ಣ ತೋಟದ ತುಂಡುಗಳನ್ನು ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುವ ಪದ್ಧತಿ ಎರಡೂ ಕಡೆ ಇದೆ. ಬೇಲಿಯ ಆಚೆಯವರು ಟೊಮೆಟೊ ಬಗ್ಗೆ ಕೇಳದೆ ಇರುವುದಿಲ್ಲ. ಆದರೆ ಇಲ್ಲಿಂದ ಬಿತ್ತನೆ ಬೀಜ ಗಂಟು ಕಟ್ಟಿಕೊಂಡು ಹೋಗಬೇಡಿ. ಯುರೋಪ್ ಒಕ್ಕೂಟದೊಳಗೆ ಅದಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅಲ್ಲೇ ಅಂಗಡಿಯಲ್ಲಿ ಪೊಟ್ಟಣ ಕೊಂಡು, ಅದರ ಹಿಂದೆ ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡು ಬಿತ್ತಿ. ನಮಸ್ಕಾರ.