ಆಸರೆ ಭಾರವಾಗದ ಹಾಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಷ್ಟದಲ್ಲಿರುವವರ ಜೊತೆ ನಿಲ್ಲಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೇಗೆ ನಿಲ್ಲಬೇಕು ಎಂಬಲ್ಲಿ ಮಾತ್ರ ನಾವೆಲ್ಲ ಎಡವುತ್ತೇವೆ. ಪ್ರೀತಿಯಿಂದಲೇ ಆಡಿದ ಮಾತು ಚುಚ್ಚುತ್ತದೆ, ಮನಸಾರೆ ಮಾಡಿದ ಸಹಾಯ ಹಂಗಿನ ಹೊರೆಯಾಗಿ ಕೂರುತ್ತದೆ. ಹೀಗೇಕಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ದಶಕಗಳಿಂದ ಹುಡುಕಿದ್ದಾರೆ. ಅವರು ಕಂಡುಕೊಂಡದ್ದು ಪುಸ್ತಕದ ಕಪಾಟಿನಲ್ಲೇ ಉಳಿದುಬಿಡಬಾರದು.

ಬಾಂಧವ್ಯಕ್ಕೂ ಆಯುಸ್ಸಿಗೂ ನಂಟಿದೆ ಎಂಬುದು ಬರೀ ನಂಬಿಕೆಯಲ್ಲ. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಸುಮಾರು 7 ಸಾವಿರ ವಯಸ್ಕರನ್ನು 9 ವರ್ಷ ಗಮನಿಸಿದ ಅಧ್ಯಯನವನ್ನು ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದರು. ಬಂಧುಗಳು, ಗೆಳೆಯರು, ಸಂಘಸಂಸ್ಥೆಗಳ ಒಡನಾಟ ತೀರ ಕಡಿಮೆಯಿದ್ದವರಲ್ಲಿ ಸಾವಿನ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಿತ್ತು. 2010ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು ಇಂಥ 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದಾಗ, ಸಂಬಂಧಗಳು ಗಟ್ಟಿಯಿದ್ದವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚೆಂದು ಕಂಡಿತು. ಕಾಯಿಲೆ ಬಿದ್ದವರ ಒಡನಾಟವೇ ಕಡಿಮೆಯಾಗುತ್ತದಲ್ಲವೇ ಎಂದು ಕೇಳಿದರೆ, ಹೌದು, ಅದೂ ನಿಜ. ಆದರೆ ಮೊದಲಿನ ಆರೋಗ್ಯಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಅಳಿಸಿಹೋಗುವುದಿಲ್ಲ.

ಹಾಗಂತ ಫೋನಿನಲ್ಲಿ ನೂರಾರು ನಂಬರು ಇರಬೇಕೆಂದೇನೂ ಅಲ್ಲ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1970ರ ದಶಕದಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಹಿಳೆಯರನ್ನು ಅಧ್ಯಯನ ಮಾಡಿದರು. ದೊಡ್ಡ ಆಘಾತ ಎದುರಾದಾಗ, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬ ಆಪ್ತರು ಇದ್ದವರು ಖಿನ್ನತೆಗೆ ಬಿದ್ದದ್ದು ಇಲ್ಲದವರಿಗಿಂತ ಎಷ್ಟೋ ಕಡಿಮೆ. ಆಮೇಲೆ ಬಂದ ಸಂಶೋಧನೆ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ನಿಜವಾಗಿ ಎಷ್ಟು ಸಹಾಯ ಸಿಕ್ಕಿತು ಎಂಬುದಕ್ಕಿಂತ, ಬೇಕಾದರೆ ಸಿಗುತ್ತದೆ ಎಂಬ ಭರವಸೆಯೇ ಮನಸ್ಸನ್ನು ಹೆಚ್ಚು ಕಾಯುತ್ತದೆ. ನಡುರಾತ್ರಿ ಫೋನ್ ಮಾಡಿದರೂ ಎತ್ತುವವರು ಒಬ್ಬರಿದ್ದಾರೆ ಎಂದು ಗೊತ್ತಿರುವವರು, ಆ ಫೋನನ್ನು ಒಮ್ಮೆಯೂ ಮಾಡದೆಯೇ ಅದರ ಲಾಭ ಪಡೆಯುತ್ತಾರೆ.

ಹಾಗಾದರೆ ಕೈಗೆ ಸಿಕ್ಕ ಸಹಾಯ ಯಾಕೆ ಅಷ್ಟು ಕೆಲಸ ಮಾಡುವುದಿಲ್ಲ? ಈ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ನಿಯಾಲ್ ಬೋಲ್ಗರ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಯಾರ್ಕಿನ ವಕೀಲಿ ವೃತ್ತಿಯ ಅರ್ಹತಾ ಪರೀಕ್ಷೆಗೆ ಕೂರಲಿದ್ದವರೂ ಅವರ ಸಂಗಾತಿಗಳೂ ದಿನವೂ ಬೇರೆಬೇರೆಯಾಗಿ ದಿನಚರಿ ಬರೆದರು. ಇಂದು ಬೆಂಬಲ ಕೊಟ್ಟೆಯಾ, ಇಂದು ಬೆಂಬಲ ಸಿಕ್ಕಿತಾ, ಮನಸ್ಸು ಹೇಗಿದೆ, ಇವಿಷ್ಟು. ಪರೀಕ್ಷೆ ಬರೆಯುವವರು "ಇಂದು ಬೆಂಬಲ ಸಿಕ್ಕಿತು" ಎಂದು ಬರೆದ ಮಾರನೆಯ ದಿನ ಅವರ ಮನಸ್ಸು ಹಗುರಾಗುವ ಬದಲು ಇನ್ನಷ್ಟು ಕುಗ್ಗಿತ್ತು. ಹೆಚ್ಚು ಒಳ್ಳೆಯದಾದದ್ದು, ಸಂಗಾತಿ "ಕೊಟ್ಟೆ" ಎಂದು ಬರೆದಿದ್ದರೂ ಪಡೆದವರ ಗಮನಕ್ಕೇ ಬಾರದಿದ್ದ ದಿನಗಳಲ್ಲಿ.

ಕಣ್ಣಿಗೆ ಕಾಣುವ ಸಹಾಯ ಮೂರು ವಿಷಯ ನೆನಪಿಸುತ್ತದೆ: ನೀನು ತೊಂದರೆಯಲ್ಲಿದ್ದೀಯ, ನಿನ್ನಿಂದ ಒಬ್ಬನೇ ನಿಭಾಯಿಸಲಾಗುತ್ತಿಲ್ಲ, ಈಗ ನನ್ನ ಋಣ ನಿನ್ನ ಮೇಲಿದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಪಡೆದವರ ಮನಸ್ಸಿಗೆ ಅದು ಕೇಳಿಸುತ್ತದೆ. ಆದ್ದರಿಂದ ಪರೀಕ್ಷೆ, ಸಂದರ್ಶನ, ಗಡುವು ಇಂಥ ಒತ್ತಡದ ದಿನಗಳಲ್ಲಿ ಅವರ ಪಾಲಿನ ಮನೆಗೆಲಸವೊಂದನ್ನು ಸದ್ದಿಲ್ಲದೆ ಮುಗಿಸಿಬಿಡಿ. "ನಿನಗೋಸ್ಕರ ಮಾಡಿದೆ" ಎಂದು ವರದಿ ಒಪ್ಪಿಸಬೇಡಿ. ಬೋಲ್ಗರ್ ಮತ್ತು ಡೇವಿಡ್ ಅಮರೆಲ್ 2007ರಲ್ಲಿ ಸಲಹೆಯನ್ನೂ ಹೀಗೇ ಪರೀಕ್ಷಿಸಿದರು. ಭಾಷಣ ಮಾಡಬೇಕಾಗಿದ್ದ ವಿದ್ಯಾರ್ಥಿನಿಯರಿಗೆ ಪಕ್ಕದಲ್ಲಿದ್ದವರು ನೇರವಾಗಿ ಉಪದೇಶ ಮಾಡಿದಾಗ ಕಳವಳ ತಗ್ಗಲಿಲ್ಲ, ಕೆಲವೊಮ್ಮೆ ಏರಿತು. ಅದೇ ವಿಷಯವನ್ನು ಪಕ್ಕದವರು ತಮ್ಮದೇ ಸಂಶಯವೆಂಬಂತೆ ಪ್ರಯೋಗ ನಡೆಸುವವರ ಹತ್ತಿರ ಕೇಳಿ, ಉತ್ತರ ವಿದ್ಯಾರ್ಥಿನಿಯ ಕಿವಿಗೂ ಬಿದ್ದಾಗ ಕಳವಳ ಕಡಿಮೆಯಾಯಿತು.

ಇದನ್ನು ಅತಿಗೆ ಒಯ್ಯಬಾರದು. ತೀರ ಕಂಗೆಟ್ಟವರಿಗೆ, ಬಾಯಿಬಿಟ್ಟು ಕೇಳಿದವರಿಗೆ ಮರೆಯ ಸಹಾಯ ಸಾಲದು. ಎದುರಿಗೆ ನಿಂತು ನಾನಿದ್ದೇನೆ ಎನ್ನಬೇಕು. ಕಾಣುವ ಸಹಾಯವೂ ಹೊರೆಯಾಗದಿರಲು ಒಂದು ದಾರಿಯಿದೆ. ಅದೇ ದಿನ ಅವರಿಂದಲೂ ಏನಾದರೂ ಪಡೆಯಿರಿ, ಒಂದು ಅಭಿಪ್ರಾಯವಾಗಲಿ, ಚಿಕ್ಕ ಕೆಲಸವಾಗಲಿ. ಬೆಂಬಲ ಪಡೆದು ತಾವೂ ಬೆಂಬಲ ಕೊಟ್ಟ ದಿನಗಳಲ್ಲಿ ಜನರ ಮನಸ್ಸು ಅಷ್ಟು ಕುಗ್ಗುವುದಿಲ್ಲ ಎಂದು ದಿನಚರಿ ಅಧ್ಯಯನಗಳೇ ತೋರಿಸಿವೆ. ಹಾಸಿಗೆ ಹಿಡಿದವರನ್ನೂ ಬರೀ ಪಡೆಯುವವರನ್ನಾಗಿ ಮಾಡಿಬಿಡುವುದು ಕ್ರೂರವೆಂದೇ ನನಗನ್ನಿಸುತ್ತದೆ.

ಇನ್ನು ಮಾತಿನ ವಿಚಾರ. ಸಂಜೆ ಮನೆಗೆ ಬಂದ ಹೆಂಡತಿ ಹೇಳುತ್ತಾಳೆ, "ಇವತ್ತು ಮೀಟಿಂಗಲ್ಲಿ ಎಲ್ಲರೆದುರೇ ಬೈದುಬಿಟ್ರು ಕಣ್ರೀ." ಗಂಡ ಫೋನಿನಿಂದ ತಲೆಯೆತ್ತಿ, "ಅದಕ್ಕೇ ಹೇಳಿದ್ದೆ, ರಿಪೋರ್ಟು ಹಿಂದಿನ ದಿನವೇ ಕಳಿಸು ಅಂತ," ಎನ್ನುತ್ತಾನೆ. ಅವಳ ಮುಖ ಬಾಡಿದ್ದು ಕಂಡು, "ಹೋಗ್ಲಿ ಬಿಡು, ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ," ಎಂದು ಸೇರಿಸುತ್ತಾನೆ. ಮೊದಲನೆಯದು ತಪ್ಪನ್ನು ಅವಳ ತಲೆಗೇ ಕಟ್ಟಿತು, ಎರಡನೆಯದು ಆ ನೋವಿಗೆ ಬೆಲೆಯೇ ಇಲ್ಲವೆಂದಿತು. ಎರಡರ ಹಿಂದೆಯೂ ಇದ್ದದ್ದು ಕಾಳಜಿಯೇ! ಅದರ ಬದಲು ಫೋನ್ ಕೆಳಗಿಟ್ಟು, "ಎಲ್ಲರೆದುರಿಗಾ? ಏನಂದ್ರು?" ಎಂದು ಕೇಳಿ ಸುಮ್ಮನಾಗಬಹುದಿತ್ತು. ಅವಳು ಹೇಳಿ ಮುಗಿಸಿದ ಮೇಲೆ, "ಎಲ್ಲರ ಮುಂದೆ ಅಂದ್ರೆ ಯಾರಿಗಾದ್ರೂ ಅವಮಾನವೇ," ಎಂಬ ಒಂದು ಮಾತು. ಆಮೇಲೆ, "ಏನು ಮಾಡ್ಬಹುದು ಅಂತ ಯೋಚಿಸೋಣ್ವಾ, ಇಲ್ಲಾ ಸುಮ್ನೆ ಕೇಳಿಸ್ಕೊಳ್ಳಲಾ?"

ಆ ಕೊನೆಯ ಪ್ರಶ್ನೆಗೆ ಕಾರಣವಿದೆ. ಸಾವು, ನಷ್ಟ, ವಾಸಿಯಾಗದ ಕಾಯಿಲೆಯಂಥ ಕೈಮೀರಿದ ಕಷ್ಟಕ್ಕೆ ಭಾವನೆಯ ಆಸರೆ ಹೆಚ್ಚು ಹೊಂದುತ್ತದೆ. ಸರಿಪಡಿಸಬಹುದಾದ ತೊಂದರೆಗೆ ಮಾಹಿತಿ, ಹಣ, ಕೆಲಸದ ನೆರವು ಹೊಂದುತ್ತದೆ ಎಂದು ಕ್ಯಾರೊಲಿನ್ ಕಟ್ರೋನಾ ಮತ್ತು ಡೇನಿಯಲ್ ರಸೆಲ್ 1990ರಲ್ಲಿ ವಾದಿಸಿದರು. ಇದು ಕಟ್ಟುನಿಟ್ಟಿನ ಸೂತ್ರವಲ್ಲ. ಒಂದೇ ಕಷ್ಟದಲ್ಲಿ ಎರಡೂ ಬೆರೆತಿರುತ್ತವೆ. ಅದಕ್ಕೇ ಊಹಿಸುವುದಕ್ಕಿಂತ ಕೇಳುವುದು ಮೇಲು.

ಕೇಳಿಸಿಕೊಳ್ಳುವುದಕ್ಕೂ ಒಂದು ಅಪಾಯವಿದೆ. ಮಕ್ಕಳು ಮತ್ತು ಹದಿಹರೆಯದವರ ಗೆಳೆತನವನ್ನು ಅಧ್ಯಯನ ಮಾಡಿದ ಅಮಾಂಡಾ ರೋಸ್ 2002ರಲ್ಲಿ ಕಂಡದ್ದು ಇದು: ಒಂದೇ ಸಂಕಟವನ್ನು ಇಬ್ಬರೂ ಸೇರಿ ಮತ್ತೆಮತ್ತೆ ಕೆದಕುವ ಜೋಡಿಗಳಲ್ಲಿ ಗೆಳೆತನವೂ ಗಾಢ, ಖಿನ್ನತೆ-ಆತಂಕದ ಲಕ್ಷಣಗಳೂ ಹೆಚ್ಚು. ಅದೇ ಘಟನೆ ಮೂರನೆಯ ಸಲ, ಹೊಸದೇನೂ ಸೇರದೆ ಬಂದಾಗ ಮಾತನ್ನು ಮೆಲ್ಲಗೆ ತಿರುಗಿಸಿ: "ನಾಳೆ ಅವರು ಎದುರಿಗೆ ಬಂದರೆ ಏನು ಹೇಳಬೇಕು ಅಂತಿದ್ದೀಯ?"

ಸಿಹಿಸುದ್ದಿಯನ್ನೂ ಮರೆಯಬಾರದು. ಒಳ್ಳೆಯ ಸುದ್ದಿಗೆ ಸಂಗಾತಿ ಹೇಗೆ ಸ್ಪಂದಿಸುತ್ತಾರೆ ಎಂಬುದು ಸಂಬಂಧದ ತೃಪ್ತಿಗೆ ಬಹಳ ಮುಖ್ಯವೆಂದು ಶೆಲಿ ಗೇಬಲ್ ಅವರ ಸಂಶೋಧನೆ ತೋರಿಸಿದೆ. "ಒಳ್ಳೇದು" ಎಂದು ಮುಗಿಸುವ ಬದಲು ಎರಡು ಪ್ರಶ್ನೆ ಕೇಳಿ, ಅಷ್ಟೇ.

ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರ ಮನೆಯವರು ವಿಶೇಷವಾಗಿ ತಿಳಿಯಬೇಕಾದ್ದೊಂದಿದೆ. ಜಿಲ್ ಹೂಲಿ ಮತ್ತು ಜಾನ್ ಟೀಸ್‌ಡೇಲ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನಿಮ್ಮ ಸಂಗಾತಿ ನಿಮ್ಮನ್ನು ಎಷ್ಟು ಟೀಕಿಸುತ್ತಾರೆ, 1ರಿಂದ 10ರೊಳಗೆ ಹೇಳಿ" ಎಂಬ ಒಂದೇ ಪ್ರಶ್ನೆಗೆ ರೋಗಿ ಕೊಟ್ಟ ಅಂಕ, ಮುಂದಿನ 9 ತಿಂಗಳಲ್ಲಿ ಕಾಯಿಲೆ ಮರುಕಳಿಸುವುದನ್ನು ಮುನ್ಸೂಚಿಸಿತು. ಮನೆಯವರು ಹುರಿದುಂಬಿಸುವುದೆಂದು ತಿಳಿದದ್ದು ರೋಗಿಗೆ ಟೀಕೆಯಾಗಿ ಕೇಳಬಹುದು. "ಯಾವಾಗಲೂ ಬಿದ್ಕೊಂಡೇ ಇರ್ತೀಯ" ಎಂಬುದು ವ್ಯಕ್ತಿಯ ಮೇಲಿನ ತೀರ್ಪು. "ಆರು ಗಂಟೆಗೆ ಹತ್ತು ನಿಮಿಷ ಜೊತೆಗೆ ನಡೆದು ಬರೋಣ್ವಾ?" ಎಂಬುದು ಒಂದು ಕೆಲಸ, ಒಂದು ಹೊತ್ತು, ಬೇಡವೆನ್ನಲು ಜಾಗ. ಬೇಡವೆಂದರೆ ನಾಳೆ ಮತ್ತೆ ಕೇಳಿ, ಮುಖ ಗಂಟಿಕ್ಕದೆ.

ಸಹಾಯ ಕೇಳಬೇಕಾದವರಿಗೂ ಇದೇ ಅಳತೆ. "ಎಲ್ಲರೂ ಬಿಜಿ, ಯಾರು ಬರ್ತಾರೆ" ಎಂಬ ಅಂದಾಜು ಬಹುಪಾಲು ತಪ್ಪು. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ತೋರಿಸಿದಂತೆ, ನೇರವಾಗಿ ಕೇಳಿದರೆ ಎಷ್ಟು ಜನ ಒಪ್ಪುತ್ತಾರೆ ಎಂಬುದನ್ನು ಕೇಳುವವರು ತುಂಬ ಕಡಿಮೆ ಅಂದಾಜಿಸುತ್ತಾರೆ. ಸುಳಿವು ಕೊಡುತ್ತ ಕೂರಬೇಡಿ. "ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಜೊತೆಗೆ ಬರ್ತೀಯಾ?" ಎಂದು ಕೇಳಿಬಿಡಿ.

ಮನೆಯವರ ಆಸರೆ ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರ ದಾಟಿದರೂ ದಿನದ ಬಹುಪಾಲು ಮಂಕು ಬಿಡದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಬದುಕು ಸಾಕೆಂಬ ಮಾತು ಬಂದರೆ ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಹಾಗೆ ಕೇಳುವುದರಿಂದ ಆ ಯೋಚನೆ ತಲೆಗೆ ಹೊಸದಾಗಿ ಬರುವುದಿಲ್ಲ ಎಂಬುದನ್ನು ಸಂಶೋಧನೆ ಸ್ಪಷ್ಟಪಡಿಸಿದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆ, ವಿಷದಂಥವನ್ನು ಕೈಗೆ ಸಿಗದಂತೆ ತೆಗೆದಿಡಿ. ಅವತ್ತೇ ವೈದ್ಯರನ್ನು ಕಾಣಿಸಿ, ಒಳಗೆ ಹೋಗುವಾಗ ನೀವೂ ಜೊತೆಗಿರಿ.

ನಮಸ್ಕಾರ.