ಬೆನ್ನಿನ ಗ್ಯಾಸು ಹೊಟ್ಟೆಯದಲ್ಲ

ಕೇಳುಗರಿಗೆ ನಮಸ್ಕಾರ.

ಅಡಿಕೆ ಗೊನೆಯ ಕೊಯ್ಲು ಮುಗಿದ ಹೊತ್ತಿಗೆ ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಹತ್ತಿರ ಬಂದರು. ಕೈಯಲ್ಲಿ ಸಿ.ಟಿ. ಸ್ಕ್ಯಾನ್ ರಿಪೋರ್ಟು. "ಡಾಕ್ಟ್ರೇ, ಬೆನ್ನುಮೂಳೆಯಲ್ಲಿ ಗ್ಯಾಸ್ ಇದೆಯಂತೆ. ತಿಂಗಳಿಂದ ಬಟಾಟೆ, ಕಡಲೆ ಬಿಟ್ಟಿದ್ದೇನೆ. ದಿನಾ ಓಮದ ಕಷಾಯ. ಕಾಲಿನ ಸೆಳೆತ ಮಾತ್ರ ಹೋಗಲಿಲ್ಲ" ಎಂದರು. ತೋಟದಲ್ಲಿ ಗೊನೆ ಇಳಿಸುವ ಹಗ್ಗ ಹಿಡಿದು ಮೇಲೆ ನೋಡುತ್ತಾ ಹಿಂದಕ್ಕೆ ಬಾಗಿದರೆ ನೋವು ಜಾಸ್ತಿಯಂತೆ.

ಅವರ ತಪ್ಪೇನಿಲ್ಲ. ಸೊಂಟ ಹಿಡಿದರೂ ನಾವು 'ವಾಯು' ಅಂತಲೇ ಹೇಳುವುದು, ಅಲ್ವಾ? ಆದರೆ ಈ ಗ್ಯಾಸಿಗೂ ಹೊಟ್ಟೆಗೂ ಸಂಬಂಧವೇ ಇಲ್ಲ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ. ಎಳೆ ವಯಸ್ಸಿನಲ್ಲಿ ಅದರ ಒಳಭಾಗ ಎಳನೀರಿನ ಗಂಜಿಯ ಹಾಗೆ ಮೆತ್ತಗೆ. ವರ್ಷ ಕಳೆದಂತೆ ನೀರು ಆರಿ ಬಿರುಕು ಬಿಡುತ್ತದೆ. ಹಿಂದಕ್ಕೆ ಬಾಗಿದಾಗ ಆ ಬಿರುಕು ಅಗಲವಾಗಿ ಒಳಗಿನ ಒತ್ತಡ ಇಳಿಯುತ್ತದೆ. ಸುತ್ತಲಿನ ದ್ರವದಲ್ಲಿ ಕರಗಿದ್ದ ಗ್ಯಾಸು ಆಗ ಅಲ್ಲಿ ಬಂದು ತುಂಬಿಕೊಳ್ಳುತ್ತದೆ. ಸೋಡಾ ಬಾಟಲಿ ತೆಗೆದಾಗ ಗುಳ್ಳೆ ಏಳುತ್ತದಲ್ಲ, ಹಾಗೆ. ಅದರಲ್ಲಿ ಸುಮಾರು ಶೇ. 90ರಷ್ಟು ಸಾರಜನಕ.

ಬಹಳ ಜನರಲ್ಲಿ ಇದು ಸುಮ್ನೆ ಡಿಸ್ಕಿನೊಳಗೇ ಇರುತ್ತದೆ. ಏನೂ ತೊಂದರೆ ಕೊಡುವುದಿಲ್ಲ. ಅಪರೂಪಕ್ಕೆ ಹಿಂಬದಿಯ ಬಿರುಕಿನಿಂದ ಹೊರಗೆ ನುಸುಳಿ, ನರದ ಬುಡದಲ್ಲಿ ಗುಳ್ಳೆಯಾಗಿ ನಿಂತು ಒತ್ತುತ್ತದೆ. ಆಗಲೇ ಸೊಂಟದಿಂದ ತೊಡೆ, ಮೀನಖಂಡ ದಾಟಿ ಪಾದದವರೆಗೆ ಸೆಳೆತ. ಹಾಗಾಗಿ ರಿಪೋರ್ಟಿನಲ್ಲಿ 'ಗ್ಯಾಸ್' ಅಂತ ಕಂಡ ತಕ್ಷಣ ಹೆದರಬೇಡಿ. ಗುಳ್ಳೆ ಯಾವ ನರದ ಹತ್ತಿರ ಇದೆ, ನೋವು ಆ ನರದ ದಾರಿಯಲ್ಲೇ ಇದೆಯಾ ಅಂತ ವೈದ್ಯರು ತಾಳೆ ನೋಡಬೇಕು. ಎಂ.ಆರ್.ಐ.ಯಲ್ಲಿ ಗ್ಯಾಸು ಬರೀ ಕಪ್ಪಾಗಿ ಕಾಣುವುದರಿಂದ ಕಣ್ತಪ್ಪಬಹುದು. ಸಿ.ಟಿ.ಯಲ್ಲಿ ಸ್ಪಷ್ಟ.

ಆ ಬೆಳೆಗಾರರಿಗೆ ತಾಳೆಯಾಯಿತು. ಮಾತ್ರೆ, ಸ್ವಲ್ಪ ವಿಶ್ರಾಂತಿ, ಆಮೇಲೆ ವ್ಯಾಯಾಮ, ಅಷ್ಟರಲ್ಲೇ ನೋವು ಇಳಿಯಿತು. ಗುಳ್ಳೆ ತಾನಾಗಿ ಕರಗುವುದೂ ಉಂಟು. ಕರಗದಿದ್ದರೆ ಸ್ಕ್ಯಾನಿನಲ್ಲಿ ನೋಡುತ್ತಾ ಸೂಜಿಯಿಂದ ತೆಗೆಯಬಹುದು. ಮತ್ತೆ ತುಂಬಿಕೊಂಡು ನೋವು ಬಿಡದಿದ್ದರೆ ಆಪರೇಷನ್. ಬಟಾಟೆ ಧಾರಾಳವಾಗಿ ತಿನ್ನಿ ಅಂತ ಅವರಿಗೆ ಹೇಳಿ ಕಳಿಸಿದೆ.

ಒಂದು ಮಾತು ಮಾತ್ರ ನೆನಪಿಡಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ, ಅದು ಕಷಾಯ ಕುಡಿದು ಕಾಯುವ ಹೊತ್ತಲ್ಲ. ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿಯಾಗಲಿ, ಮಣಿಪಾಲವಾಗಲಿ ಹತ್ತಿರವಿಲ್ಲ. ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ಹೊರಡಿ.

ನಮಸ್ಕಾರ.